ನೀರಿನೊಳಗೆ ಮಸುಕು, ಕನ್ನಡಕದೊಳಗೆ ಸ್ಪಷ್ಟ: ಕಾರಣ ಗಾಳಿ

ಮಾನ್ಯರೇ, ಈಜುವಾಗ ಧರಿಸುವ ಕನ್ನಡಕದ ಗಾಜು ಚಪ್ಪಟೆಯಾಗಿದ್ದು ಅದಕ್ಕೆ ಯಾವ ಪವರ್ ಕೂಡ ಇಲ್ಲದಿರುವಾಗ, ನೀರಿನೊಳಗೆ ಬರಿಗಣ್ಣಿಗೆ ಮಸುಕಾಗಿದ್ದ ನೋಟ ಅದನ್ನು ಧರಿಸಿದೊಡನೆ ತಿಳಿಯಾಗುವುದು ಹೇಗೆ ಎಂದು ಕೇಳಿದ್ದೀರಿ. ಗಾಜು ಇಲ್ಲಿ ತಡೆಗೋಡೆಯಷ್ಟೇ. ನಿಜವಾದ ಕೆಲಸ ಅದರ ಹಿಂದೆ ಉಳಿದಿರುವ ಗಾಳಿಯದು.

ಬೆಳಕನ್ನು ಬಾಗಿಸುವ ಕಣ್ಣಿನ ಒಟ್ಟು ಸಾಮರ್ಥ್ಯ ಸುಮಾರು 60 ಡಯಾಪ್ಟರ್ (ಕನ್ನಡಕದ ಪವರ್ ಅಳೆಯುವ ಮಾನವೇ ಇದು). ಅದರಲ್ಲಿ 40ಕ್ಕೂ ಹೆಚ್ಚು ಬರುವುದು ಒಳಗಿನ ಮಸೂರದಿಂದಲ್ಲ, ಕಣ್ಣಿನ ಮುಂಭಾಗದ ಪಾರದರ್ಶಕ ಪದರವಾದ ಕಾರ್ನಿಯಾದಿಂದ; ಶಾಲೆಯಲ್ಲಿ ನಾವು ಬಿಡಿಸುತ್ತಿದ್ದ ಕಣ್ಣಿನ ಚಿತ್ರದಲ್ಲಿ ಈ ಸಂಗತಿ ಎದ್ದು ಕಾಣುವುದೇ ಇಲ್ಲ. ಬೆಳಕು ಎಷ್ಟು ಬಾಗುತ್ತದೆ ಎಂಬುದು ಎರಡು ಮಾಧ್ಯಮಗಳ ವಕ್ರೀಭವನ ಸೂಚ್ಯಂಕಗಳ (ಬೆಳಕು ಆಯಾ ಮಾಧ್ಯಮದಲ್ಲಿ ಎಷ್ಟು ನಿಧಾನವಾಗುತ್ತದೆ ಎಂಬುದರ ಅಳತೆ) ಅಂತರವನ್ನು ಅವಲಂಬಿಸಿದೆ: ಗಾಳಿಯದು 1.00, ಕಾರ್ನಿಯಾದ್ದು ಸುಮಾರು 1.38, ನೀರಿನದು 1.33. ಆದ್ದರಿಂದ ನೀರು ಕಣ್ಣಿಗೆ ನೇರವಾಗಿ ತಾಗಿದಾಗ ಕಾರ್ನಿಯಾ ಬೆಳಕನ್ನು ಬಾಗಿಸುವ ಶಕ್ತಿಯನ್ನು ಬಹುಪಾಲು ಕಳೆದುಕೊಂಡು, ಕಿರಣಗಳು ಚಿತ್ರ ಮೂಡಬೇಕಾದ ಅಕ್ಷಿಪಟಲದ ಹಿಂದೆಲ್ಲೋ ಕೂಡುವಂತಾಗುತ್ತದೆ. ಒಳಗಿನ ಮಸೂರ ಎಷ್ಟೇ ಹೆಣಗಿದರೂ ಆ ಕೊರತೆ ತುಂಬುವುದಿಲ್ಲ. (ಸಮೀಪದೃಷ್ಟಿ ಇರುವವರಿಗೆ ಈ ಮಸುಕು ತುಸು ಕಡಿಮೆ, ಅವರಿಗೆ ದಕ್ಕುವ ಅಪರೂಪದ ಲಾಭವಿದು.) ಕನ್ನಡಕ ಧರಿಸಿದಾಗ ಕಾರ್ನಿಯಾದ ಮುಂದೆ ಮತ್ತೆ ಗಾಳಿ ಬರುತ್ತದೆ, ಅಷ್ಟೇ.

ತಳದ ನಾಣ್ಯ ಹತ್ತಿರ ಕಂಡರೂ ಕೈಗೆ ಎಟುಕಲಿಲ್ಲ ಎಂದಿರಲ್ಲ, ಅದಕ್ಕೂ ಕಾರಣ ಇದೇ ಗಾಳಿ. ನೀರಿನಿಂದ ಗಾಳಿಗೆ ದಾಟುವಾಗ ಕಿರಣಗಳು ಇನ್ನಷ್ಟು ಹರಡಿಕೊಳ್ಳುವುದರಿಂದ, 4 ಅಡಿ ದೂರದ ವಸ್ತು ನೇರ ನೋಟಕ್ಕೆ ಸುಮಾರು 3 ಅಡಿಯಲ್ಲಿರುವಂತೆ ತೋರುತ್ತದೆ.