ವಿನೆಗರ್‌ಗೆ ನೊರೆ ಬರದ ಬಾಸ್ಟ್ನಸೈಟ್

ಪಾಕಿಸ್ತಾನದ ಜಾಗಿ ಬೆಟ್ಟದ ಬಾಸ್ಟ್ನಸೈಟ್ ಖನಿಜ ಅಂತ ಕೊಂಡ ಕಂದು ಹರಳಿಗೆ ವಿನೆಗರ್ ಹಾಕಿದರೂ ನೊರೆ ಬರಲಿಲ್ಲ, ಇದು ನಕಲಿಯೇ ಅಂತ ಕೇಳಿದ್ದೀರಿ. ಗಾಬರಿ ಬೇಡ. ಬಾಸ್ಟ್ನಸೈಟ್ ಕಾರ್ಬೊನೇಟೇ ಹೌದು, ಅಂದರೆ ಆಸಿಡ್‌ಗೆ ನೊರೆ ಬರಬಹುದಾದ ಜಾತಿಯದ್ದೇ; ಆದರೆ ಸುಣ್ಣಕಲ್ಲಿನಲ್ಲಿರುವ ಕ್ಯಾಲ್ಸೈಟ್ ಥರ ಸುಲಭಕ್ಕೆ ಕರಗಲ್ಲ. ನೊರೆ ಬಂದಿದ್ದರೇ ಅನುಮಾನ ಪಡಬೇಕಿತ್ತು! ಜೋರಾದ ಆಸಿಡ್ ಮಾತ್ರ ಹಾಕಬೇಡಿ. ಇದರಲ್ಲಿ ಸೀರಿಯಂ, ಲ್ಯಾಂಥನಂ ಅನ್ನೋ ಲೋಹಗಳ ಜೊತೆ ಫ್ಲೋರಿನ್ ಕೂಡ ಇದೆ, ಸುಮ್ನೆ ಹರಳು ಹಾಳಾಗುತ್ತೆ.

ತೂಕ ನೋಡಿ. ಚಿನ್ನ ತೂಗುವಂಥ ಸಣ್ಣ ತಕ್ಕಡಿಯಲ್ಲಿ ಮೊದಲು ಹರಳನ್ನು ತೂಗಿ. ಆಮೇಲೆ ನೀರಿನ ಲೋಟ ಇಟ್ಟು ಸೊನ್ನೆ ಮಾಡಿ. ಹರಳನ್ನು ದಾರಕ್ಕೆ ಕಟ್ಟಿ, ತಳ ಮುಟ್ಟದಂತೆ ಮುಳುಗಿಸಿ. ಈಗ ಕಾಣುವ ಅಂಕಿಯಿಂದ ಮೊದಲಿನ ತೂಕ ಭಾಗಿಸಿ. 5ರ ಆಸುಪಾಸು ಬಂದರೆ, ಅಂದರೆ ಅಷ್ಟೇ ಗಾತ್ರದ ನೀರಿಗಿಂತ ಐದು ಪಟ್ಟು ಭಾರ ಇದ್ದರೆ, ಒಳ್ಳೆ ಲಕ್ಷಣ. ಕ್ಯಾಲ್ಸೈಟ್ ಆದರೆ 2.7 ಅಷ್ಟೇ.

ಜಿರ್ಕಾನ್ ಅನ್ನೋ ಇನ್ನೊಂದು ಖನಿಜ ಕೂಡ ಭಾರವೇ, ಅದೂ ಅದೇ ಬೆಟ್ಟದಲ್ಲಿ ಸಿಗುತ್ತೆ. ಆದರೆ ಅದಕ್ಕೆ ಚಾಕುವಿನಿಂದ ಗೀರು ಬೀಳಲ್ಲ. ಬಾಸ್ಟ್ನಸೈಟ್ ಗಡಸುತನ 1ರಿಂದ 10ರ ಮೋಸ್ ಅಳತೆಯಲ್ಲಿ 4ರಿಂದ 4.5, ಹಾಗಾಗಿ ಬೀಳುತ್ತೆ. ಕಾಣದ ಮೂಲೆಯಲ್ಲಿ ಗೀರಿ ನೋಡಿ.

ಗುಜರಾತಿನ ಅಂಬಾ ಡೊಂಗರ್‌ನಲ್ಲೂ ಈ ಖನಿಜ ಇದೆ. ಅಲ್ಲಿ ಮಾತ್ರ ಬಂಡೆಯೊಳಗಿನ ಸಣ್ಣ ಕಣಗಳು, ನಿಮ್ಮದರಂಥ ಹರಳಲ್ಲ.