ಹವಾಲ್ದಾರರಿಗೆ ತಡವಾದ ಉತ್ತರ

(ಕಳೆದ ತಿಂಗಳ ಸಂಚಿಕೆಯಲ್ಲಿ, ಭಾರತ ಮತ್ತು ಪಾಕಿಸ್ತಾನದ ಸೇನೆಗಳು ಎದುರುಬದುರು ನಿಂತಿರುವ ಸಿಯಾಚಿನ್ ಹಿಮನದಿಯ ಬಗ್ಗೆ ಒಂದು ಲೇಖನ ಬಂದಿತ್ತು. ತಲೆಬರಹ ‘ಅರ್ಥವಿಲ್ಲದ ಯುದ್ಧ’. ಅದನ್ನು ಓದಿದ ಗದಗ ಜಿಲ್ಲೆಯ ನಿವೃತ್ತ ಹವಾಲ್ದಾರರೊಬ್ಬರು ನಾಲ್ಕು ಪುಟದ ಕಾಗದ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ. ಕಾಗದದ ಕೆಲವು ಸಾಲು ಹೀಗಿವೆ: “ನಾನು ಅಲ್ಲಿದ್ದು ಬಂದವನು. ಎಡಗಾಲಿನ ಎರಡು ಬೆರಳು ಅಲ್ಲೇ ಹೋದವು. ನನ್ನ ಜೊತೆಗಿದ್ದ ಗೆಳೆಯನೂ ಅಲ್ಲೇ ಹೋದ. ನೀವು ಬೆಚ್ಚಗೆ ಕೂತು ಅರ್ಥವಿಲ್ಲ ಅಂತ ಬರೀತೀರಿ. ಹಾಗಾದರೆ ಅವನು ಸತ್ತದ್ದಕ್ಕೂ ಅರ್ಥ ಇಲ್ವಾ? ಅವನ ಹೆಂಡತಿಗೆ ನಾನು ಏನು ಹೇಳಲಿ? ನಾವು ಇಳಿದು ಬಂದರೆ ಅವರು ಹತ್ತಿ ಕೂರೋದಿಲ್ಲ ಅಂತ ನೀವು ಬರೆದುಕೊಡ್ತೀರಾ?” – ಸಂ.)

ನಮಸ್ಕಾರ ಹವಾಲ್ದಾರರೇ,

ನಿಮ್ಮ ಕಾಗದ ಬಂದು ಹದಿನೆಂಟು ದಿನ ಆಯಿತು. ಒಂದು ಉತ್ತರ ಬರೆದು, ನಮ್ಮಲ್ಲಿ ಪ್ರೂಫ್ ನೋಡುವ ಹೆಣ್ಣುಮಗಳಿಗೆ ಓದಲು ಕೊಟ್ಟೆ. “ಸಾರ್, ಇದು ಭಾಷಣ” ಅಂದರು. ಅವರ ತಮ್ಮ ಸೇನೆಯಲ್ಲಿದ್ದಾನೆ. ಆ ಹಾಳೆ ಹರಿದುಹಾಕಿ ಈಗ ಮತ್ತೆ ಕೂತಿದ್ದೇನೆ.

ಮೊದಲು ತಲೆಬರಹದ ವಿಷಯ. ಅದನ್ನು ಇಟ್ಟವನು ನಾನು, ಲೇಖಕರಲ್ಲ. ಅವರು ಕೊಟ್ಟ ತಲೆಬರಹ ಉದ್ದವಾಗಿತ್ತು, ಜಾಗ ಇರಲಿಲ್ಲ. ಎರಡು ಪದದಲ್ಲಿ ಮುಗಿಸಿದೆ. ಆ ಎರಡು ಪದ ನಿಮ್ಮ ಊರಿಗೆ ಬಂದು ಯಾರ ಮನೆ ಬಾಗಿಲು ಬಡಿಯುತ್ತವೆ ಅಂತ ಯೋಚಿಸಲಿಲ್ಲ. ಬೆಚ್ಚಗೆ ಕೂತು ಬರೀತೀರಿ ಅಂದಿರಿ, ಅದೂ ನಿಜ. ಬೆಂಗಳೂರಿನ ಡಿಸೆಂಬರಿಗೇ ಸ್ವೆಟರ್ ಹುಡುಕುವವನು ನಾನು.

ಇದಕ್ಕಿಂತ ಹಳೆಯ ತಪ್ಪೊಂದಿದೆ. 2016ರ ಫೆಬ್ರವರಿ. ಆಗ ನಾನು ಬೇರೊಂದು ವಾರಪತ್ರಿಕೆಯಲ್ಲಿದ್ದೆ. 3ನೇ ತಾರೀಕು ಸಿಯಾಚಿನ್‌ನ ಸೋನಮ್ ಪೋಸ್ಟ್ ಮೇಲೆ ಹಿಮ ಕುಸಿದು, 19ನೇ ಮದ್ರಾಸ್ ಬೆಟಾಲಿಯನ್ನಿನ ಹತ್ತು ಮಂದಿ ಹೂತುಹೋದರು. ಆರನೇ ದಿನ ಕುಂದಗೋಳ ತಾಲ್ಲೂಕಿನ ಬೆಟದೂರಿನ ಹನುಮಂತಪ್ಪ ಕೊಪ್ಪದ ಜೀವಂತ ಸಿಕ್ಕರು. ಎರಡಂತಸ್ತಿನ ಮನೆ ಮುಳುಗುವಷ್ಟು ಹಿಮದ ಕೆಳಗೆ! ನಮ್ಮ ಕಚೇರಿಯಲ್ಲಿ ಕೆಲವರು ಅತ್ತೇಬಿಟ್ಟರು. ಮುಖಪುಟಕ್ಕೆ ‘ಸಾವನ್ನು ಗೆದ್ದ ಯೋಧ’ ಅಂತ ಹಾಕಿ 10ನೇ ತಾರೀಕು ಮುದ್ರಣಕ್ಕೆ ಕಳಿಸಿದೆವು. 11ರಂದು ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ಅವರು ತೀರಿಕೊಂಡರು. ಪತ್ರಿಕೆ ಅಂಗಡಿಗೆ ಬಂದದ್ದು ಅದರ ಮರುದಿನ.

ಅದನ್ನು ವಾಪಸ್ ತರಿಸಲು ಆಗಲಿಲ್ಲ. ಆದರೆ ಇವತ್ತಿಗೂ ನನಗೆ ಚುಚ್ಚುವುದು ಮುಖಪುಟ ಅಲ್ಲ, ಒಳಗಿನ ಒಂದು ಸಾಲು. ‘ಇತರ ಒಂಬತ್ತು ಮಂದಿ ಮೃತಪಟ್ಟಿದ್ದಾರೆ’. ಅಷ್ಟೇ. ಆ ಒಂಬತ್ತರಲ್ಲಿ ಇಬ್ಬರು ನಮ್ಮವರೇ, ಒಬ್ಬರು ಹಾಸನ ಜಿಲ್ಲೆಯವರು, ಇನ್ನೊಬ್ಬರು ಎಚ್.ಡಿ. ಕೋಟೆ ಕಡೆಯವರು. ಪವಾಡದ ಸುದ್ದಿಯ ಭರದಲ್ಲಿ ಅವರು ‘ಇತರ’ ಆಗಿಬಿಟ್ಟರು. ಹತ್ತು ಮಂದಿಯನ್ನು ಅಲ್ಲಿ ಯಾಕೆ ನಿಲ್ಲಿಸಲಾಗಿತ್ತು ಅನ್ನೋ ಪ್ರಶ್ನೆಯಂತೂ ಯಾರ ಬಾಯಲ್ಲೂ ಬರಲಿಲ್ಲ. ಈ ಸಲ ಅದನ್ನು ಕೇಳಲು ಹೋಗಿ, ಆ ಆತುರದಲ್ಲಿ ನಿಮಗೆ ನೋವು ಮಾಡಿದೆವು.

ಅಲ್ಲಿಗೆ ಹೋಗದ ಓದುಗರಿಗೆ ಎತ್ತರದ ಅಂದಾಜು ಕೊಡಬೇಕು. ನಮ್ಮ ಮುಳ್ಳಯ್ಯನಗಿರಿಯ ಮೇಲೆ ಇನ್ನೊಂದು ಮುಳ್ಳಯ್ಯನಗಿರಿ ಇಡಿ, ಅದರ ಮೇಲೆ ಮತ್ತೊಂದು. ಸೋನಮ್ ಪೋಸ್ಟ್ ಅದಕ್ಕೂ ಮೇಲೆ. 2019ರಲ್ಲಿ ಒಂದು ವಿಡಿಯೊ ಎಲ್ಲರ ಫೋನಿಗೂ ಬಂದಿತ್ತು, ನೆನಪಿರಬಹುದು. ಸಿಯಾಚಿನ್ ಜವಾನರು ಮೊಟ್ಟೆಗೆ ಸುತ್ತಿಗೆಯಿಂದ ಹೊಡೀತಾರೆ, ಒಡೆಯೋದಿಲ್ಲ. ಜ್ಯೂಸ್ ಪೊಟ್ಟಣ ಇಟ್ಟಿಗೆಯಾಗಿದೆ. ಅವರು ನಗುತ್ತಿದ್ದರು, ನಾವೂ ನಕ್ಕು ನಾಲ್ಕು ಜನಕ್ಕೆ ಕಳಿಸಿದೆವು.

ನಿಮ್ಮ ಕಾಗದ ಓದಿದ ಮೇಲೆ ಆ ವಿಡಿಯೊ ಮತ್ತೆ ನೋಡಲು ಮನಸ್ಸಾಗಲಿಲ್ಲ. ಒದ್ದೆ ಕಾಲುಚೀಲದ ಮಾತು ಬರೆದಿದ್ದೀರಲ್ಲ. ರಾತ್ರಿ ಅದನ್ನು ಬಿಚ್ಚಿ ಬರೀ ಹೊಟ್ಟೆಗೆ ಅವುಚಿಕೊಂಡು, ಮೇಲೆ ಬನಿಯನ್ನು, ಅದರ ಮೇಲೆ ಜಾಕೀಟು ಹಾಕಿ ಮಲಗುವುದು. ಮೈಶಾಖಕ್ಕೆ ಬೆಳಗಾಗುವಷ್ಟರಲ್ಲಿ ಒಣಗಿರುತ್ತದೆ. ಎಂಬತ್ತು ದಿನ ಹಾಗೆ ಮಾಡಿದಿರಿ. ಒಂದು ರಾತ್ರಿ ಮಾತ್ರ ಸುಸ್ತಾಗಿ ಕಾಲಲ್ಲೇ ಬಿಟ್ಟು ನಿದ್ದೆ ಹೋದಿರಿ. ಬೆಳಗ್ಗೆ ಬೆರಳು ಬೆಳ್ಳಗೆ ಮೇಣದ ಹಾಗಿತ್ತು, ಆಮೇಲೆ ಕಪ್ಪಾಯಿತು. ಚೀತಾ ಹೆಲಿಕಾಪ್ಟರ್ ಬರಲು ಹವಾ ಬಿಡಲಿಲ್ಲ, ನಾಲ್ಕು ದಿನ ಕಾದಿರಿ. ನಿಮ್ಮ ಇಡೀ ಕಾಗದದಲ್ಲಿ ಗುಂಡಿನ ಸದ್ದು ಎಲ್ಲೂ ಇಲ್ಲ. ಬುಖಾರಿ ಒಲೆಯ ಸೀಮೆಎಣ್ಣೆ ಹೊಗೆ ಇದೆ, ಕೆಮ್ಮಿದರೆ ಬರುವ ಕರೀ ಕಫ ಇದೆ, ಹಗ್ಗ ಕಟ್ಟಿಕೊಂಡು ಒಬ್ಬರ ಹಿಂದೆ ಒಬ್ಬರು ನಡೆಯುವುದಿದೆ. ನಿಮ್ಮ ಗೆಳೆಯ ಹೋದದ್ದು ಶ್ವಾಸಕೋಶದಲ್ಲಿ ನೀರು ತುಂಬಿ. ಸಂಜೆ ಚಹಾ ಮಾಡಿಕೊಟ್ಟವನು ಬೆಳಗ್ಗೆ ಇರಲಿಲ್ಲ.

ಇದು ನಿಮ್ಮೊಬ್ಬರ ಪೋಸ್ಟಿನ ಕಥೆ ಅಲ್ಲ. 2015ರ ಕೊನೆಯಲ್ಲಿ ಸರ್ಕಾರವೇ ಸಂಸತ್ತಿಗೆ ಒಂದು ಲೆಕ್ಕ ಕೊಟ್ಟಿತು. 1984ರಿಂದ ಅಲ್ಲಿಯವರೆಗೆ ಹವೆ, ಹಿಮ ಮತ್ತಿತರ ಕಾರಣಕ್ಕೆ ಸಿಯಾಚಿನ್‌ನಲ್ಲಿ ಸತ್ತ ನಮ್ಮ ಸೈನಿಕರು 869. ಅದರಲ್ಲಿ ಅಧಿಕಾರಿಗಳು 33, ಸುಬೇದಾರರಂಥ ಜೆಸಿಒಗಳು 54, ಉಳಿದವರು 782. ಆ 782 ಅಂದರೆ ನಿಮ್ಮಂಥವರು. ಸಿಪಾಯಿ, ಲಾನ್ಸ್ ನಾಯಕ, ನಾಯಕ, ಹವಾಲ್ದಾರ. ಪಟ್ಟಿಯಲ್ಲಿ ಇವರಿಗೆ ‘ಇತರ ಶ್ರೇಣಿ’ ಅನ್ನುತ್ತಾರೆ. ನೋಡಿ, ಇಲ್ಲೂ ‘ಇತರ’. ಅಲ್ಲಿ ಎರಡೂ ಸೇನೆ 2003ರ ನವೆಂಬರಿನಲ್ಲಿ ಗುಂಡು ನಿಲ್ಲಿಸಿದವು. ಸಾವು ಮಾತ್ರ ನಿಂತಿಲ್ಲ.

ಈಗ ನಿಮ್ಮ ಪ್ರಶ್ನೆ. ಅರ್ಥವಿಲ್ಲ ಅಂದದ್ದು ಯಾವುದಕ್ಕೆ?

ನಿಮ್ಮ ಕಡೆ ಬದುವಿನ ಜಗಳ ಕಂಡವರು ನೀವು. ಸರ್ವೆಯವರು ಒಂದು ಕಲ್ಲು ನೆಟ್ಟು, ‘ಇಲ್ಲಿಂದ ಮುಂದೆ ಹಳ್ಳದ ತನಕ’ ಅಂತ ಬರೆದು ಎದ್ದುಹೋದರೆ ಏನಾಗುತ್ತದೆ? ಸಿಯಾಚಿನ್‌ನಲ್ಲಿ ಆದದ್ದು ಅದೇ. 1949ರಲ್ಲಿ ಕರಾಚಿಯಲ್ಲಿ ಕೂತು ಕದನವಿರಾಮ ರೇಖೆ ಎಳೆದರು. ನಕ್ಷೆಯಲ್ಲಿ ಆಮೇಲೆ ಎನ್‌ಜೆ 9842 ಅಂತ ಹೆಸರಾದ ಬಿಂದುವಿನ ಹತ್ತಿರ ಬಂದು ಪೆನ್ನು ಕೆಳಗಿಟ್ಟರು. ಆಮೇಲಿನದಕ್ಕೆ ‘ಅಲ್ಲಿಂದ ಉತ್ತರಕ್ಕೆ ಹಿಮನದಿಗಳವರೆಗೆ’ ಅಂತ ಬರೆದರು. ಅಲ್ಲಿ ಯಾರು ಹೋಗ್ತಾರೆ ಅನ್ನೋ ಧೈರ್ಯ. 1972ರಲ್ಲಿ ಶಿಮ್ಲಾ ಒಪ್ಪಂದದ ನಂತರ ರೇಖೆಯನ್ನು ಮತ್ತೆ ಗುರುತಿಸಿದಾಗಲೂ ಆ ಬಿಂದುವಿನಿಂದ ಮುಂದೆ ಹೋಗಲಿಲ್ಲ. ಪಾಕಿಸ್ತಾನ ಒಂದು ರೀತಿ ಓದಿತು, ನಾವು ಇನ್ನೊಂದು ರೀತಿ ಓದಿದೆವು. 1984ರ ಏಪ್ರಿಲ್ 13ರಂದು, ಅವರು ಹತ್ತುವ ಮೊದಲೇ ನಾವು ಹತ್ತಿದೆವು. ಇಳಿಯುವುದು ಹೇಗೆ ಅಂತ ಇನ್ನೂ ಇಬ್ಬರಿಗೂ ಗೊತ್ತಾಗಿಲ್ಲ. ಬದುವಿನ ಜಗಳಕ್ಕೂ ಇದಕ್ಕೂ ಒಂದೇ ವ್ಯತ್ಯಾಸ. ಅಲ್ಲಿ ಹೊಲದ ಯಜಮಾನನೇ ಬಡಿಗೆ ಹಿಡಿದು ನಿಲ್ಲುತ್ತಾನೆ. ಇಲ್ಲಿ ವಾಕ್ಯವನ್ನು ಅರ್ಧಕ್ಕೆ ಬಿಟ್ಟವರ ಮನೆಯವರು ಯಾರೂ ಮೇಲೆ ನಿಂತಿಲ್ಲ.

ನಾನು ಅರ್ಥವಿಲ್ಲ ಅಂದದ್ದು ಆ ಅರ್ಧ ವಾಕ್ಯಕ್ಕೆ. ನಿಮ್ಮ ಗೆಳೆಯ ತನ್ನ ಜೊತೆಗಿದ್ದವರಿಗೆ ಚಹಾ ಕಾಸಿಕೊಟ್ಟ, ಹಗ್ಗ ಹಿಡಿದ, ಸರದಿ ಬಂದಾಗ ಎದ್ದು ಕಾವಲು ನಿಂತ. ಅದರ ಅರ್ಥ ನನ್ನಂಥವನ ತಲೆಬರಹದಿಂದ ಹೋಗುವಂಥದ್ದಲ್ಲ. ಆದರೆ ಹವಾಲ್ದಾರರೇ, ಒಂದು ಮಾತು ನಿಷ್ಠುರವಾಗಿ ಹೇಳಬೇಕು. ಅವನು ಅಷ್ಟು ಚೆನ್ನಾಗಿ ನಿಂತ ಅನ್ನುವುದನ್ನೇ ಹಿಡಿದುಕೊಂಡು, ಅವನನ್ನು ಅಲ್ಲಿ ನಿಲ್ಲಿಸಿದ್ದು ಸರಿ ಅಂತ ಸಾಬೀತು ಮಾಡುವವರು ತುಂಬ ಜನ ಇದ್ದಾರೆ. ಅವರ ಜೊತೆ ನಾನು ಸೇರಲಾರೆ. ಅವನ ಧೈರ್ಯ ಅವನದು. ಬೇರೆಯವರ ಎಡವಟ್ಟಿಗೆ ಅದನ್ನು ರಸೀದಿ ಮಾಡಿಕೊಳ್ಳಬಾರದು.

ನಮ್ಮಲ್ಲಿ ಇದು ಹಳೆಯ ಅಭ್ಯಾಸ. ಊರೂರಿಗೆ ವೀರಗಲ್ಲುಗಳಿವೆ, ನಿಮ್ಮ ಜಿಲ್ಲೆಯಲ್ಲಂತೂ ಬೇಕಾದಷ್ಟು. ಕೆಳಗಿನ ಪಟ್ಟಿಯಲ್ಲಿ ಕಾಳಗ, ನಡುವೆ ಅಪ್ಸರೆಯರು ಎತ್ತಿಕೊಂಡು ಹೋಗುವುದು, ಮೇಲೆ ಕೈಲಾಸ. ಎಷ್ಟೋ ಕಲ್ಲುಗಳ ಮೇಲೆ ಒಂದು ಸಂಸ್ಕೃತ ಶ್ಲೋಕ ಕೆತ್ತಿದ್ದಾರೆ: ಗೆದ್ದರೆ ಲಕ್ಷ್ಮಿ ಸಿಗುತ್ತಾಳೆ, ಸತ್ತರೆ ದೇವಲೋಕದ ಹೆಣ್ಣು, ಕ್ಷಣದಲ್ಲಿ ಅಳಿಯುವ ಈ ಮೈ ರಣದಲ್ಲಿ ಸತ್ತರೆ ಚಿಂತೆ ಏನು ಅಂತ. ಕಾ ಚಿಂತಾ ಮರಣೇ ರಣೇ. ಓದಲು ಗತ್ತಾಗಿದೆ. ಆದರೆ ಅದನ್ನು ಕೆತ್ತಿಸಿದವನು ಬದುಕಿದ್ದವನು, ಅಲ್ವಾ? ಕೆಲವು ಕಡೆ ಆ ಕಲ್ಲಿನ ಪಕ್ಕದಲ್ಲೇ ಮಾಸ್ತಿಕಲ್ಲು, ಅಂದರೆ ಗಂಡನ ಹಿಂದೆ ಸತಿ ಹೋದವಳ ಕಲ್ಲು, ಇರುತ್ತದೆ. ಚಿಂತೆ ಯಾರ ಪಾಲಿಗೆ ಬಂತು ಅನ್ನೋದು ಅಲ್ಲಿದೆ.

ನಾವು ಇಳಿದರೆ ಅವರು ಹತ್ತಿ ಕೂರೋದಿಲ್ಲ ಅಂತ ಬರೆದುಕೊಡ್ತೀರಾ ಅಂದಿರಿ. ಇಲ್ಲ, ಬರೆದುಕೊಡಲಾರೆ. 1999ರಲ್ಲಿ ಕಾರ್ಗಿಲ್‌ನಲ್ಲಿ ಆದದ್ದು ಅದೇ, ಚಳಿಗಾಲಕ್ಕೆ ಬಿಟ್ಟು ಬಂದ ಜಾಗಗಳಲ್ಲಿ ಅವರು ಬಂದು ಕೂತಿದ್ದರು. ಅದನ್ನು ವಾಪಸ್ ತೆಗೆದುಕೊಳ್ಳಲು ಎಷ್ಟು ಜೀವ ಹೋಯಿತು ಅನ್ನೋದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ನಮ್ಮ ಲೇಖನದಲ್ಲಿ ಇದಕ್ಕೆ ಎರಡೇ ಸಾಲು ಕೊಟ್ಟಿದ್ದೆವು, ಅದು ಕೊರತೆಯೇ. ಈಗ ಯಾರು ಎಲ್ಲಿದ್ದಾರೆ ಅನ್ನೋದನ್ನು ನಕ್ಷೆಯ ಮೇಲೆ ಗುರುತಿಸಿ ಸಹಿ ಹಾಕಿ, ಆಮೇಲೆ ಇಳಿಯೋಣ ಅನ್ನುತ್ತದೆ ನಮ್ಮ ಸರ್ಕಾರ. ಸಹಿ ಹಾಕಿದರೆ ನಾವು ಸೋತಂತೆ ಅನ್ನುತ್ತಾರೆ ಅವರು. 1989ರಲ್ಲಿ ಮಾತುಕತೆ ಹತ್ತಿರ ಹತ್ತಿರ ಬಂದು ತಪ್ಪಿಹೋಯಿತು. ನೀವೊಬ್ಬರೇ ಇಳಿದು ಬನ್ನಿ ಅಂತ ನಾನು ಹೇಳುತ್ತಿಲ್ಲ. ಈ ಕಗ್ಗಂಟನ್ನು ವಿಜಯ ಅಂತ ಕರೆಯಬೇಡಿ ಅನ್ನುತ್ತಿದ್ದೇನೆ.

ಆಚೆ ಕಡೆಯದೂ ಹೇಳಲೇಬೇಕು, ನಿಮಗೆ ಬೇಸರವಾದರೂ. 2012ರ ಏಪ್ರಿಲ್ 7ರ ಬೆಳಗಿನ ಜಾವ ಗಯಾರಿಯಲ್ಲಿ ಹಿಮ ಕುಸಿದು ಪಾಕಿಸ್ತಾನದ 140 ಮಂದಿ ಒಂದೇ ಏಟಿಗೆ ಹೂತುಹೋದರು. ಮಲಗಿದ್ದವರು. ಹೆಣ ಹುಡುಕುವುದು ಎಷ್ಟೋ ತಿಂಗಳು ನಡೆಯಿತು. ಅವರೂ ಸೀಮೆಎಣ್ಣೆ ಹೊಗೆಯಲ್ಲೇ ಕೂತಿದ್ದಿರಬೇಕು, ಕಾಲುಚೀಲ ಹೊಟ್ಟೆಗೆ ಅವುಚಿಕೊಂಡಿರಬೇಕು. ಇನ್ನು 2019ರ ನವೆಂಬರಿನಲ್ಲಿ ನಮ್ಮ ಕಡೆ ನಾಲ್ವರು ಸೈನಿಕರ ಜೊತೆ ಇಬ್ಬರು ಪೋರ್ಟರುಗಳೂ ಹಿಮದಡಿ ಸಿಕ್ಕಿ ಸತ್ತರು. ಸಾಮಾನು ಹೊರುವವರು. ಅವರನ್ನು ಯಾವ ಶ್ರೇಣಿಗೆ ಸೇರಿಸುತ್ತಾರೋ.

ಇಷ್ಟೆಲ್ಲ ಆಗಿ, ಆ ಹಿಮ ಕರಗಿದ ನೀರು ಎಲ್ಲಿಗೆ ಹೋಗುತ್ತದೆ ಗೊತ್ತಲ್ಲ? ನುಬ್ರಾ, ಅಲ್ಲಿಂದ ಶಯೋಕ್, ಅಲ್ಲಿಂದ ಸಿಂಧೂ. ಪಾಕಿಸ್ತಾನಕ್ಕೆ.

ಕೊನೆಗೆ ಉಳಿದದ್ದು ನಿಮ್ಮ ಗೆಳೆಯನ ಹೆಂಡತಿಗೆ ಏನು ಹೇಳಬೇಕು ಅನ್ನೋದು. ಇದನ್ನು ನನ್ನ ಹತ್ತಿರ ಕೇಳಬೇಡಿ. ಹದಿನಾಲ್ಕು ವರ್ಷದಿಂದ ಯುಗಾದಿಗೆ ಅವರ ಮನೆಗೆ ಹೋಗುತ್ತೀರಿ, ಪಿಂಚಣಿ ಕಾಗದ ಓದಿ ಹೇಳುತ್ತೀರಿ, ಮಗನ ಫೀಸಿಗೆ ಓಡಾಡಿದ್ದೀರಿ. ಅದಕ್ಕಿಂತ ಒಳ್ಳೆಯ ಮಾತು ನನ್ನಲ್ಲಿಲ್ಲ. ಒಂದು ಸಂಗತಿ ಮಾತ್ರ ನೆನಪಾಗುತ್ತದೆ. 1984ರ ಮೇ ತಿಂಗಳಲ್ಲಿ ಕುಮಾವ್ ರೆಜಿಮೆಂಟಿನ ಒಬ್ಬ ಲಾನ್ಸ್ ನಾಯಕ ಹಿಮದಲ್ಲಿ ಕಾಣೆಯಾಗಿದ್ದರು. 2022ರ ಆಗಸ್ಟಿನಲ್ಲಿ ಅವರ ದೇಹ ಸಿಕ್ಕಿತು, 38 ವರ್ಷದ ಮೇಲೆ. ಗುರುತು ಸಿಕ್ಕಿದ್ದು ಸೇನೆಯ ನಂಬರ್ ಇದ್ದ ಲೋಹದ ಬಿಲ್ಲೆಯಿಂದ. ಉತ್ತರಾಖಂಡದ ಊರಿಗೆ ತಂದಾಗ ಎದುರುಗೊಂಡ ಹೆಂಡತಿಗೆ ವಯಸ್ಸಾಗಿತ್ತು. ಮಕ್ಕಳು ಬೆಳೆದು ದೊಡ್ಡವರಾಗಿದ್ದರು. ಯಾರು ಏನು ಹೇಳಿದರೋ, ಹೇಳಲು ಏನಾದರೂ ಇತ್ತೋ.

ನಿಮ್ಮ ಕಾಗದವನ್ನು ಮುಂದಿನ ಸಂಚಿಕೆಯಲ್ಲಿ ಪೂರ್ತಿ ಹಾಕುತ್ತೇವೆ. ಒಂದಕ್ಷರ ತಿದ್ದುವುದಿಲ್ಲ, ತಲೆಬರಹ ನೀವೇ ಕೊಡಿ, ಎಷ್ಟೇ ಉದ್ದ ಇದ್ದರೂ ಪರವಾಗಿಲ್ಲ. ಇನ್ನೊಂದು ವಿಷಯ. ಮೂರನೇ ಪುಟದ ಕೆಳಗೆ, ಗೆಳೆಯ ಆ ರಾತ್ರಿ ನಿಮಗೆ ಹೇಳಿದ ಒಂದು ಮಾತು ಬರೆದು, ಆಮೇಲೆ ಗೀಟು ಎಳೆದು ಹೊಡೆದುಹಾಕಿದ್ದೀರಿ. ಬಾಲ್‌ಪೆನ್ನಿನ ಒಂದೇ ಗೀಟು, ಕೆಳಗಿನ ಅಕ್ಷರ ಕಾಣುತ್ತದೆ. ನಾನು ಓದಿದೆ, ತಪ್ಪು ತಿಳಿಯಬೇಡಿ. ಅದನ್ನು ಯಾರಿಗೂ ತೋರಿಸಿಲ್ಲ, ಅಚ್ಚಿಗೂ ಕೊಟ್ಟಿಲ್ಲ. ಹಾಕಬಹುದು ಅನ್ನಿಸಿದರೆ ಒಂದು ಕಾರ್ಡ್ ಬರೆಯಿರಿ. ಇಪ್ಪತ್ತನೇ ತಾರೀಕಿನ ತನಕ ಆ ಪುಟ ಹಾಗೇ ಇಟ್ಟಿರುತ್ತೇನೆ.

ನಿಮ್ಮ,
ಸಂಪಾದಕ