ಅಮೆರಿಕದ ಪೈಲಟ್ ಪರವಾನಗಿಯಿಂದ ಯುರೋಪಿನಲ್ಲಿ ಕೆಲಸ: ಹೊಳಲ್ಕೆರೆಯ ತಂದೆಗೆ ಉತ್ತರ

ಅಡಿಕೆ ತೋಟ ಅಡವಿಟ್ಟು ಮಗಳಿಗೆ ಅಮೆರಿಕದಲ್ಲಿ ವಾಣಿಜ್ಯ ಪೈಲಟ್ ಪರವಾನಗಿ ಕೊಡಿಸಿದ್ದೀರಿ. ಅದರಿಂದ ಯುರೋಪಿನಲ್ಲಿ ನೇರವಾಗಿ ಕೆಲಸ ಸಿಗುತ್ತದೆಯೇ ಎಂದು ಕೇಳಿದ್ದೀರಿ. ಸಿಗುವುದಿಲ್ಲ. ಇನ್ನೊಂದು ಸಾಲಕ್ಕೆ ಸಹಿ ಹಾಕುವ ಮೊದಲು ದಯವಿಟ್ಟು ಇದನ್ನು ಓದಿ.

ಯುರೋಪಿನ ವಿಮಾನಯಾನ ಸುರಕ್ಷತಾ ಸಂಸ್ಥೆಯಾದ ಇಎಎಸ್‌ಎ ನಿಯಮದಂತೆ ದೊಡ್ಡ ವಿಮಾನಗಳ ಸಹಪೈಲಟ್ ಆಗಲು ಎಟಿಪಿಎಲ್‌ನ (ವಿಮಾನಯಾನ ಕಂಪನಿಗಳ ಪೈಲಟ್‌ಗಳಿಗೆ ಬೇಕಾದ ಉನ್ನತ ಪರವಾನಗಿ) 13 ಲಿಖಿತ ಪರೀಕ್ಷೆಗಳನ್ನು ಬರೆಯಬೇಕು. ಪ್ರತಿಯೊಂದರಲ್ಲೂ ಶೇ. 75 ಅಂಕ ಬರಬೇಕು. ಒಂದು ವಿಷಯಕ್ಕೆ ನಾಲ್ಕೇ ಅವಕಾಶ. ಮೊದಲ ಪರೀಕ್ಷೆ ಬರೆದ ತಿಂಗಳು ಮುಗಿದ ಮೇಲೆ 18 ತಿಂಗಳೊಳಗೆ ಎಲ್ಲವೂ ತೇರ್ಗಡೆಯಾಗಬೇಕು. ಆಮೇಲೆ ಹಾರಾಟದ ಕೌಶಲ ಪರೀಕ್ಷೆ, ಉಪಕರಣಾಧಾರಿತ ಹಾರಾಟದ ಪರೀಕ್ಷೆ. ಅಮೆರಿಕದಲ್ಲಿ ಹಾರಿದ ಗಂಟೆಗಳು ವ್ಯರ್ಥವಾಗುವುದಿಲ್ಲ, ಲಾಗ್‌ಬುಕ್ಕನ್ನು ಜೋಪಾನ ಮಾಡಿ.

ಮೊದಲ ಖರ್ಚು ವೈದ್ಯಕೀಯ ತಪಾಸಣೆಗೇ ಇರಲಿ. ಒಂದನೇ ದರ್ಜೆಯ ಪ್ರಮಾಣಪತ್ರ ಯುರೋಪಿನ ನಿಯಮದಂತೆಯೇ ಬೇಕು. ಬಣ್ಣ ಗುರುತಿಸುವ ಶಕ್ತಿಯಲ್ಲಿ ದೋಷವಿದ್ದರೆ ಅದು ಶುಲ್ಕ ಕಟ್ಟುವ ಮೊದಲೇ ತಿಳಿಯಲಿ.

ಏಜೆಂಟರು ಮುಚ್ಚಿಡುವ ಮಾತು ಇನ್ನೊಂದಿದೆ: ಪರವಾನಗಿ ಬೇರೆ, ಉದ್ಯೋಗ ವೀಸಾ ಬೇರೆ. ಎಲ್ಲ ಪರೀಕ್ಷೆ ಗೆದ್ದರೂ ಅಲ್ಲಿ ದುಡಿಯುವ ಹಕ್ಕು ತಾನಾಗಿ ಬರುವುದಿಲ್ಲ. ಅನೇಕ ಕಂಪನಿಗಳು ಆ ಹಕ್ಕು ಮೊದಲೇ ಇರುವವರನ್ನೇ ಕರೆಯುತ್ತವೆ.

ಆದ್ದರಿಂದ ಮೊದಲು ನಮ್ಮ ದೇಶದ ವಿಮಾನಯಾನ ನಿಯಂತ್ರಕ ಡಿಜಿಸಿಎ ಕೊಡುವ ಪರವಾನಗಿಗೆ ಪರಿವರ್ತಿಸಿಕೊಳ್ಳಿ ಎಂಬುದೇ ನನ್ನ ದೃಢ ಸಲಹೆ. ಇಲ್ಲಿಯ ಲಿಖಿತ ಪರೀಕ್ಷೆಗಳಿಗೆ ಶೇ. 70 ಅಂಕ ಸಾಕು. ಒಟ್ಟು 200 ಗಂಟೆ, ಅದರಲ್ಲಿ 100 ಗಂಟೆ ಆಕೆಯೇ ಪೈಲಟ್ ಇನ್ ಕಮಾಂಡ್ (ವಿಮಾನದ ಪೂರ್ಣ ಹೊಣೆ ಹೊತ್ತ ಪೈಲಟ್) ಆಗಿ ಹಾರಿರಬೇಕು. ಲಾಗ್‌ಬುಕ್ಕಿನಲ್ಲಿ ಈ ಲೆಕ್ಕವನ್ನು ಇಂದೇ ಕೂಡಿ ನೋಡಿ, ಕೊರತೆಯಿದ್ದರೆ ಬರೆಯಿರಿ. ನಾನು ದಾವಣಗೆರೆಯಲ್ಲೇ ಇದ್ದೇನೆ, ಕುಳಿತು ನೋಡೋಣ.